ಮೂರನೇ ಮುದ್ರೆಯವಳ ಊಟ

ಅಂಕೋಲೆ, ಫೆಬ್ರವರಿ ೩೦, ೨೩೧೪

ಎಷ್ಟೋ ತಲೆಮಾರುಗಳ ಹಿಂದೆ ನಮ್ಮ ಕಟ್ಟಳೆ ಬರೆಯಲು ಕೂತಿರುವ ಹಿರಿಯರಿಗೆ ದೇವಕ್ಕಿ ಹರಿಕಂತ್ರಳ ನಮಸ್ಕಾರ. ತಾರೀಖು ಕಂಡು ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ತಲೆಯೂ ಈಗ ನೆಟ್ಟಗಿಲ್ಲ.

ಹೊರದೇಶದ ಜೊತೆಗಿನ ಒಪ್ಪಂದಕ್ಕೆ ಮೂರು ಮುದ್ರೆ ಬೇಕೆಂದವರು ನೀವೇ. ಗಡಿ ಕಾಯುವವರದು ಒಂದು, ವ್ಯಾಪಾರ ನೋಡುವವರದು ಒಂದು. ಮೂರನೆಯದು ಚೀಟಿ ಎತ್ತಿ ಆರಿಸಿದ ಸಾಮಾನ್ಯರದು, ನ್ಯಾಯ ಅನ್ಯಾಯ ನೋಡಲಿಕ್ಕೆ. ಈ ವರ್ಷ ಚೀಟಿ ಬಂದದ್ದು ಬಲೆ ಹೆಣೆಯುವ ನನಗೆ! ಮುದ್ರೆ ಒತ್ತುವ ಮುನ್ನ, ಒಪ್ಪಂದ ಯಾರನ್ನು ಮುಟ್ಟುತ್ತದೋ ಅವರ ಜೊತೆ ಒಂದು ಹೊತ್ತು ಉಣ್ಣಬೇಕೆಂಬುದೂ ನಿಮ್ಮದೇ ಕಟ್ಟಳೆ.

ಹವಳನಾಡು ಎಂಬ ದ್ವೀಪದವರು ನಮಗೆ ಸಿಹಿಸಾಲು ಹಾಕಿಕೊಡುತ್ತಾರಂತೆ. ಉಪ್ಪು ತೆಗೆದ ನೀರು ತರುವ ಕೊಳವೆ ಅದು. ಅವರ ಹಡಗುಗಳು ನಮ್ಮ ಕಡಲನ್ನೂ ಕಾಯುತ್ತವಂತೆ. ಬದಲಿಗೆ, ಅವರ ದೊರೆಯನ್ನು ಎದುರು ಹಾಕಿಕೊಂಡು ದೋಣಿ ಹತ್ತಿ ಬಂದ ಹತ್ತೊಂಬತ್ತು ಜನರನ್ನು ನಾವು ವಾಪಸು ಕಳಿಸಬೇಕು. ಹೋದವರು ಬದುಕುವುದಿಲ್ಲ, ಅದು ಎಲ್ಲರಿಗೂ ಗೊತ್ತು.

ಮೊದಲು ತಂಗಿ ಶೇವಂತಿಯ ಮನೆಯಲ್ಲಿ ಉಂಡೆ. ಉಪ್ಪು ನೀರಿನದೇ ಗಂಜಿ. ಮಕ್ಕಳ ಮೈತುಂಬ ಕಜ್ಜಿ. “ಕಣ್ಮುಚ್ಚಿ ಒತ್ತಿಬಿಡೇ ಅಕ್ಕಾ, ನೀರು ಬರ್ಲಿ ಮಾರಾಯ್ತಿ,” ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಒತ್ತುವುದೇ ಸರಿ ಎಂದುಕೊಂಡು ಎದ್ದೆ.

ಆಮೇಲೆ ಬಂದರಿನ ಶೆಡ್ಡಿಗೆ ಹೋದೆ. ಆ ಹತ್ತೊಂಬತ್ತರಲ್ಲಿ ಒಬ್ಬಳಾದ ನುಮೈರಾ, ಇದ್ದ ಒಂದೇ ಬಂಗಡೆ ಮೀನಿನ ನಡುತುಂಡನ್ನು ನನ್ನ ತಟ್ಟೆಗೆ ಹಾಕಿದಳು. ಒಪ್ಪಂದದ ವಿಷಯ ಅವಳಿಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ಊರಿನ ಮಾತೆಲ್ಲ ಶೆಡ್ಡಿಗೂ ಮುಟ್ಟಿತ್ತು. ಕೈ ತೊಳೆಯಲು ನೀರು ಹಾಕುತ್ತಾ, “ಸಿಹಿನೀರು ಬಂದ್ರೆ ನಿಮ್ಮ ತಂಗಿ ಮಕ್ಕಳ ಕಜ್ಜಿ ವಾಸಿ ಆಗ್ತದಲ್ಲ ಅಕ್ಕಾ? ಒತ್ತಿ. ನಾನು ಬೈಯೂದಿಲ್ಲ,” ಅಂದಳು. ಅಯ್ಯೋ, ಬೈದಿದ್ದರೆ ಒತ್ತಿಬಿಡುತ್ತಿದ್ದೆನೇನೋ!

ಇವತ್ತು ಬೆಳಿಗ್ಗೆ ಕಚೇರಿಯಲ್ಲಿ ಅರಗು ಕರಗಿಸಿ ಕಾಗದದ ಮೇಲೆ ಸುರಿದರು. ಅದು ಆರುವುದರೊಳಗೆ ಮೂವರೂ ಒತ್ತಬೇಕು. ಗಡಿಯವರು, ಹೋದ ವರ್ಷ ಕಡಲ್ಗಳ್ಳರು ಕೊಂದ ನಮ್ಮ ಆರು ಮೀನುಗಾರರ ಹೆಸರು ಹೇಳಿ ಒತ್ತಿದರು. ವ್ಯಾಪಾರದವರು ಒಣಗಿದ ಬಾವಿಗಳ ಲೆಕ್ಕ ಹೇಳಿ ಒತ್ತಿದರು. ಅವರನ್ನು ಕೆಟ್ಟವರು ಎನ್ನಲಾರೆ. ನನ್ನ ಕೈ ಮೇಲೆದ್ದದ್ದು ಇಳಿಯಲೇ ಇಲ್ಲ. ಅರಗು ಆರಿತು. ಹತ್ತೊಂಬತ್ತು ಜನ ಉಳಿದರು, ನೀರು ಹೋಯಿತು.

ಸರಿ ಮಾಡಿದೆನೋ ತಪ್ಪು ಮಾಡಿದೆನೋ, ದೇವರಾಣೆ ಗೊತ್ತಿಲ್ಲ. ನಿಮ್ಮಲ್ಲಿ ಒಂದೇ ಬೇಡಿಕೆ. ಒತ್ತುವ ಮುನ್ನ ಎಲ್ಲಿ ಉಣ್ಣಬೇಕೆಂದು ಬರೆಯುತ್ತೀರಲ್ಲ, ಒತ್ತದೆ ಬಂದವಳು ಆಮೇಲೆ ಎಲ್ಲಿ ಉಣ್ಣಬೇಕೆಂದೂ ಬರೆದಿಡಿ. ಇವತ್ತು ಶೇವಂತಿ ನನಗೆ ಬಾಗಿಲು ತೆಗೆಯಲಿಲ್ಲ.