ನಮ್ಮ ಮನೆಗೆ ಬಂದ ಮಾಮಾ

ಜನವರಿ 3, ಶನಿವಾರ. ಬೆಳಿಗ್ಗೆ 7.40

ಮಗಳು ಪುಟ್ಟಿಗೆ ಎರಡು ಹೆರಳು ಹಾಕಿದೆ. ಒಂದು ಆಕಾಶ ನೋಡುತ್ತದೆ, ಇನ್ನೊಂದು ಊರಾಚೆಯ ಕಾತ್ರಜ್ ಘಾಟು. ಮನಃಶಾಸ್ತ್ರದ ಪ್ರಾಧ್ಯಾಪಕನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಇದು ನನ್ನ ಹೆಂಡತಿ ರೇಣುವಿನ ಇಲಾಖೆಯಾಗಿತ್ತು. ಅವಳ ಎರಡನೆಯ ಕೀಮೋ ಆಯಿತು. ಉಳಿದಿದ್ದ ನಾಲ್ಕು ಎಳೆ ಕೂದಲನ್ನು ನಿನ್ನೆ ನಾನೇ ಟ್ರಿಮ್ಮರ್ ಹಿಡಿದು ತೆಗೆದೆ. ಎದೆಯ ಮೇಲೆ ಔಷಧದ ನಳಿಗೆ ಇದೆ, ಮುಂದೆ ಗುಂಡಿ ಇರುವ ಬಟ್ಟೆಯೇ ಬೇಕು. ಆದ್ದರಿಂದ ಅವಳ ಮೈಮೇಲೆ ನನ್ನ ಹಳೆಯ ಚೌಕಡಿ ಅಂಗಿ.

ಪುಟ್ಟಿ ಬಾಗಿಲಲ್ಲಿ ನಿಂತು ನೋಡಿದಳು. ಬಹಳ ಹೊತ್ತು. ಆಮೇಲೆ ಅಡುಗೆಮನೆಗೆ ಬಂದು ವರದಿ ಒಪ್ಪಿಸಿದಳು:

"ಅಪ್ಪಾ, ಒಳಗ ಯಾರೋ ಮಾಮಾ ಬಂದಾನ. ಚಹಾ ಮಾಡು."

ರೇಣು ನಕ್ಕಳು. ನಾನೂ ನಕ್ಕೆ. ಅವಳು ಮೊದಲು ನಿಲ್ಲಿಸಿದಳು.

ಜನವರಿ 5. ಸಂಜೆ

ವಿಧಿಗೆ ಸಿಲೆಬಸ್ ಗೊತ್ತಿರಬೇಕು. ಇಂದು ಧನಕವಡಿಯ ಕಾಲೇಜಿನಲ್ಲಿ ಇದೇ ಪಾಠ. ಹದಿನಾರು ವರ್ಷದಿಂದ ಅದೇ ನೋಟ್ಸು, ಅದೇ ಜೋಕು. ಮಗುವಿಗೆ ಮೂರು ಪ್ರಶ್ನೆ ಕೇಳಬೇಕು. ನೀನು ಹುಡುಗನೋ ಹುಡುಗಿಯೋ? ದೊಡ್ಡವಳಾದ ಮೇಲೆ ಅಮ್ಮನಾಗುತ್ತೀಯೋ ಅಪ್ಪನೋ? ಕೂದಲು ಕತ್ತರಿಸಿ ಗಂಡಸರ ಬಟ್ಟೆ ಹಾಕಿದರೆ? ಮೊದಲೆರಡು ಮೂರು-ನಾಲ್ಕು ವರ್ಷಕ್ಕೆ ತಿಳಿಯುತ್ತವೆ. ಮೂರನೆಯದು ಆರೇಳಕ್ಕೆ. ಅಲ್ಲಿಯವರೆಗೆ ಹೆಂಗಸು ಎಂದರೆ ಜಡೆ ಮತ್ತು ಸೀರೆ. ಅವು ಹೋದರೆ ಹೆಂಗಸೂ ಹೋದಳು.

ಮನೆಗೆ ಬಂದು ಪುಟ್ಟಿಯನ್ನು ಕೇಳಿದೆ. ನಾಲ್ಕು ವರ್ಷ ಮೂರು ತಿಂಗಳು. ಮೊದಲೆರಡಕ್ಕೆ ಪೂರ್ತಿ ಅಂಕ. ಮೂರನೆಯದಕ್ಕೆ—

"ಹುಡುಗ ಆಗ್ತೀನಿ! ಇಷ್ಟೂ ತಿಳಿಯಂಗಿಲ್ಲೇನು ನಿನಗ?"

ಅಪ್ಪಟ ಪಠ್ಯಪುಸ್ತಕದ ಮಗು. ಹೆಮ್ಮೆಯಿಂದಲೇ ಹೋಗಿ ರೇಣುವಿಗೆ ಹೇಳಿದೆ. ಮೂರ್ಖರಿಗೆ ಡಾಕ್ಟರೇಟ್ ಕೊಡಬಾರದು.

"ಅಂದ್ರ ಯಾವಾಗ ತಿಳೀತದ್ರೀ ಅಕಿಗೆ, ನಾ ನಾನ ಅಂತ?"

"ಆರಕ್ಕ. ಕೆಲವರಿಗೆ ಏಳಕ್ಕ."

ಬೆರಳು ಮಡಚಿದಳು. ಒಂದು ವರ್ಷ. ಎರಡು... ಎರಡನೆಯ ಬೆರಳು ಅರ್ಧಕ್ಕೇ ನಿಂತಿತು. ಲಿವರ್‌ಗೂ ಹರಡಿದೆ ಎಂದ ಡಾಕ್ಟರು ತಿಂಗಳ ಲೆಕ್ಕದಲ್ಲಿ ಮಾತಾಡಿದ್ದರು. ಒಂದೇ ಕೈಯಲ್ಲಿ ಎಣಿಸಬಹುದು.

"ಕಿಡಕಿ ಮುಚ್ಚರಿ. ಥಂಡಿ ಅದ," ಎಂದಳು.

ಜನವರಿ 7

ಕ್ರ್ಯಾಶ್ ಕೋರ್ಸ್ ಆರಂಭ. ಐಐಟಿಗೆ ಕೋಚಿಂಗ್ ಇರಬಹುದಾದರೆ ಇದಕ್ಕೇಕಿಲ್ಲ? ಪುಟ್ಟಿಯ ಗೊಂಬೆಯ ಕೂದಲನ್ನು ಅವಳೆದುರೇ ಕತ್ತರಿಸಿದೆ. "ಈಗ ಇದು ಯಾರು?"

"ಗೊಂಬಿಯಣ್ಣ." ಆಮೇಲೆ ಅಳು. "ನನ್ನ ಗೊಂಬಿ ಎಲ್ಲಿ? ಕೊಡು!"

ಕೋರ್ಸ್ ಮುಗಿಯಿತು. ಉತ್ತೀರ್ಣರಾದವರು ಯಾರೂ ಇಲ್ಲ.

ಜನವರಿ 10

ಲಕ್ಷ್ಮೀ ರೋಡಿನಿಂದ ವಿಗ್ ತಂದೆ. ರೇಣು ಹಾಕಿಕೊಂಡಳು. ಪುಟ್ಟಿ ಓಡಿಹೋಗಿ ಕಾಲು ತಬ್ಬಿದಳು. "ಅಮ್ಮಾ! ಎಲ್ಲಿಗೆ ಹೋಗಿದ್ದಿ?"

ನೆತ್ತಿ ಉರಿಯುತ್ತದೆ. ಅರ್ಧ ಗಂಟೆಗೆ ತೆಗೆದಳು. ಪುಟ್ಟಿ ಬಚ್ಚಲುಮನೆ, ಬಾಲ್ಕನಿ, ಕಪಾಟಿನ ಹಿಂದೆ... ಎಲ್ಲ ಕಡೆ ಅಮ್ಮನನ್ನು ಹುಡುಕಿದಳು.

"ಇನ್ನ ಇದು ಬ್ಯಾಡ್ರಿ," ಎಂದಳು ರೇಣು. "ದಿನಾ ಬಂದು ದಿನಾ ಹೋಗೂದು ನನಗ ಆಗಂಗಿಲ್ಲ."

ಜನವರಿ 18, ಭಾನುವಾರ

ಧಾರವಾಡದಿಂದ ಅತ್ತೆ ರಂಗೂಬಾಯಿ ಬಂದಿದ್ದಾರೆ. ಸಂಕ್ರಾಂತಿಯ ಅರಿಶಿನ ಕುಂಕುಮ ತಪ್ಪಿಸುವಂತಿಲ್ಲವಂತೆ. ಎದುರುಮನೆಯ ಮರಾಠಿ ಸಕ್ಕುಬಾಯಿ, ಇನ್ನೂ ಐದಾರು ಜನ. ಗಂಡಸಾದ್ದರಿಂದ ನನಗೆ ಅಡುಗೆಮನೆಗೆ ಗಡಿಪಾರು. ಅಲ್ಲಿಂದಲೇ ಕಂಡೆ.

ಕುಂಕುಮದ ಬಟ್ಟಲು ಪುಟ್ಟಿಯ ಕೈಗೆ ಕೊಟ್ಟಿದ್ದರು. ಸಾಲಾಗಿ ಎಲ್ಲರಿಗೂ ಹಚ್ಚುತ್ತ ಬಂದಳು, ಭಾರೀ ಗಾಂಭೀರ್ಯದಿಂದ. ರೇಣು ಕುರ್ಚಿಯ ಮೇಲೆ ಹಣೆ ಮುಂದೆ ಮಾಡಿ ಕೂತಿದ್ದಳು. ಪುಟ್ಟಿ ಅವಳನ್ನು ದಾಟಿ ಮುಂದಿನವರಿಗೆ ಹೋದಳು.

"ಏ ಪುಟ್ಟಿ, ಅಮ್ಮಗ ಹಚ್ಚವಾ," ಎಂದರು ಅತ್ತೆ.

"ಮಾಮಾಗ ಕುಂಕುಮ ಹಚ್ಚಂಗಿಲ್ಲಜ್ಜಿ. ಅಪ್ಪಗ ಹಚ್ಚೀರೇನು ನೀವು?"

ತರ್ಕದಲ್ಲಿ ದೋಷವಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಲಹಾನ್ ಆಹೇ ಹೋ," ಸಣ್ಣದು, ಬಿಡ್ರಿ, ಎಂದು ಸಕ್ಕುಬಾಯಿ ನೆಲ ನೋಡಿದರು.

ರೇಣು ಅಂಗೈ ಚಾಚಿದಳು. "ಮಾಮಾಗ ತಿಳಗುಳಾನರ ಕೊಡ್ತೀಯಿಲ್ಲವಾ?"

ಪುಟ್ಟಿ ಯೋಚಿಸಿ ಎರಡು ಎಳ್ಳುಂಡೆ ಕೊಟ್ಟಳು.

ಎಲ್ಲರೂ ಹೋದ ಮೇಲೆ ರೇಣು ಅಂದಳು: "ಮಾಮಾ ಆಗೇ ಇರ್ತೀನ್ರಿ. ಅಮ್ಮ ಅಂತ ದೂರ ಕೂಡೋಕಿಂತ ಮಾಮಾ ಅಂತ ಮಗ್ಗಲಾಗ ಕೂಡೂದು ಲೇಸು."

ಫೆಬ್ರುವರಿ 12

ಮಾಮಾನ ಜನಪ್ರಿಯತೆ ದಿನೇ ದಿನೇ ಏರುತ್ತಿದೆ. ನನ್ನದು ಇಳಿದಿದೆ. ಮಾಮಾ ಚೌಕಾಬಾರಾದಲ್ಲಿ ಬೇಕಂತಲೇ ಸೋಲುತ್ತಾನೆ. ಮಾಮಾನಿಗೆ ಅಮ್ಮನ ಹಾಗೆ ಬೈಯಲು ಬರುವುದಿಲ್ಲ. ಮಾಮಾನ ನುಣ್ಣನೆಯ ತಲೆಯ ಮೇಲೆ ಪುಟ್ಟಿ ಆಟದ ಕಾರು ಓಡಿಸುತ್ತಾಳೆ. ಮಾಮಾ ಕಣ್ಣು ಮುಚ್ಚಿಕೊಂಡು ಓಡಿಸಿಕೊಳ್ಳುತ್ತಾನೆ.

ನೋಡುತ್ತ ನಿಂತಿರುತ್ತೇನೆ. ಪಾಠಕ್ಕೆಂದು ಟಿಪ್ಪಣಿ ಮಾಡಿಕೊಳ್ಳುವುದನ್ನು ಬಿಟ್ಟಿದ್ದೇನೆ.

ಮಾರ್ಚ್ 6. ಮಧ್ಯಾಹ್ನ

ಪುಟ್ಟಿ ಇಂದು ಮಾಮಾನ ಕಿವಿಯಲ್ಲಿ ಗುಟ್ಟು ಹೇಳಿದಳು. ಅವಳ ಗುಟ್ಟು ಮೂರು ಮನೆಗೆ ಕೇಳಿಸುತ್ತದೆ.

"ಮಾಮಾ, ನಮ್ಮಮ್ಮ ಯಾಕ ಹೋಗ್ಯಾಳ ಗೊತ್ತದೇನು? ನಾ ಹಾಲು ಚೆಲ್ಲಿದ್ನೆಲಾ, ಅದಕ್ಕ ಸಿಟ್ಟಾಗಿ."

ಎರಡು ತಿಂಗಳು. ಎರಡು ತಿಂಗಳು ಈ ಲೋಟ ಹಾಲನ್ನು ಹೊತ್ತು ತಿರುಗಿದೆ ಮಗು. ಪ್ರಾಧ್ಯಾಪಕರ ಗಮನಕ್ಕೆ ಬಂದಿಲ್ಲ.

ರೇಣು ಎದ್ದು ಕೂತಳು. ಈಗ ಅವಳಿಗೆ ಏಳುವುದೆಂದರೆ ದೊಡ್ಡ ಕೆಲಸ.

"ನಿಮ್ಮಮ್ಮ ನನಗ ಹೇಳ್ಯಾಳ, ಕೇಳಿಲ್ಲಿ. ಹಾಲಿನ ಮಾತು ಅಕಿಗೆ ನೆನಪ ಇಲ್ಲ. ನಿನ್ನ ಮ್ಯಾಲೆ ಒಂಚೂರೂ ಸಿಟ್ಟಿಲ್ಲ. ಅಕಿಗೆ ಭಾಳ ಆರಾಮಿಲ್ಲವಾ, ತಿರುಗಿ ಬರಲಿಕ್ಕೆ ಆಗಂಗಿಲ್ಲ. ನೀ ಅಂದ್ರ ಅಕಿಗೆ ಜೀವ."

"ಖರೇನ?"

"ಖರೇನ."

"ನಿನಗೂ?"

"ನನಗೂ."

ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ಮಡಚಿದೆ. ಮಡಚಿದ್ದನ್ನೇ ಮತ್ತೆ ಮಡಚಿದೆ.

ಮಾರ್ಚ್ 29

ಆಸ್ಪತ್ರೆ. ಪುಟ್ಟಿ ಸಕ್ಕುಬಾಯಿ ಮನೆಯಲ್ಲಿ.

ಮೇ 11. ಸಂಜೆ

ಕಾಲೇಜಿಗೆ ರಜೆ. ಹೆರಳು ಈಗ ಸುಮಾರಾಗಿ ಬರುತ್ತದೆ.

ರೇಣು ಹೋಗಿ ತಿಂಗಳು ದಾಟಿತು. ಬಂದವರೆಲ್ಲ ಪುಟ್ಟಿಯನ್ನು ಅಪ್ಪಿಕೊಂಡು ಅತ್ತರು. ಪುಟ್ಟಿ ಅಳಲಿಲ್ಲ. "ಅಮ್ಮ ಬರಂಗಿಲ್ಲ, ನನಗ ಗೊತ್ತದ," ಎಂದು ಅವರಿಗೇ ಸಮಾಧಾನ ಹೇಳಿದಳು. ಗಟ್ಟಿ ಹುಡುಗಿ ಎಂದರು ಎಲ್ಲರೂ.

ಇಂದು ಅತ್ತಳು. ಖಾಲಿ ಮಂಚದ ಹತ್ತಿರ ನಿಂತು, ಬಿಕ್ಕಿ ಬಿಕ್ಕಿ.

"ಅಮ್ಮ ಬರಂಗಿಲ್ಲಂತ ಮಾಮಾ ಹೇಳಿದ್ದ. ಮಾಮಾ ಹೋಗ್ತಾನಂತ ಯಾರೂ ಹೇಳಲೇ ಇಲ್ಲ."

ಎತ್ತಿಕೊಂಡೆ. ಇಬ್ಬರೂ ಒಬ್ಬಳೇ ಎಂದು ಹೇಳಬಹುದಿತ್ತು. ನಂಬುವುದಿಲ್ಲ. ಈ ವಯಸ್ಸು ನಂಬಗೊಡುವುದಿಲ್ಲ ಎಂದು ಹದಿನಾರು ವರ್ಷ ಪಾಠ ಮಾಡಿದ್ದೇನೆ.

ಆ ತಿಳಿವಳಿಕೆ ಬೇಗ ಬರಲೆಂದು ಕತ್ತರಿ ಹಿಡಿದವನು ನಾನೇ. ಈಗ ತಡವಾಗಿ ಬರಲಿ ಎನಿಸುತ್ತದೆ. ಅದು ಯಾರನ್ನೂ ಕೇಳಿ ಬರುವಂಥದ್ದಲ್ಲ. ಆರು ತುಂಬಿದ ಮೇಲೆ ಯಾವುದೋ ಒಂದು ದಿನ, ಊಟದ ನಡುವೆ, ಏನೂ ಕಾರಣವಿಲ್ಲದೆ, ತುತ್ತು ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ನನ್ನ ಕಡೆ ನೋಡುತ್ತಾಳೆ. ಅಪ್ಪಾ, ಆ ಮಾಮಾ—