‘ನೀವು’ ಎಂದರೆ ಎಷ್ಟು ಜನ

ಅರಸೀಕೆರೆ
೧೧ ಫೆಬ್ರವರಿ ೧೯೯೮

ಪ್ರೀತಿಯ ಮೀನಾಕ್ಷಿ,

ಆರೋಗ್ಯವಾಗಿದ್ದೀ ತಾನೇ? ಎರಡು ವರ್ಷ ನಾನು ದುಡಿದದ್ದೇ ಈ ಪ್ರಶ್ನೆಯ ಮೇಲೆ. ಆದರೂ ಕಾಗದದಲ್ಲಿ ಅದನ್ನು ಅಭ್ಯಾಸಬಲದಿಂದ ಬರೆದು ಮುಂದಕ್ಕೆ ಹೋಗುತ್ತೇನೆ.

ಲೇಖನ ಒಪ್ಪಿಗೆಯಾಗಿದೆ. ಉಲ್ಲೇಖಗಳ ಪಟ್ಟಿಯನ್ನು ಎರಡು ಸಲ ತಿದ್ದಿಸಿ, ಪುಟದಂಚಿನ ಜಾಗ ಸಾಲದೆಂದು ಮೂರು ಪ್ರತಿ ಮತ್ತೆ ಟೈಪು ಮಾಡಿಸಿದ ಸಂಪಾದಕರು ಈಗ ಹೊಗಳಿದ್ದಾರೆ. ನೀನು ನರ್ಸಾಗಿ ಮನೆಮನೆಗೆ ಹೋಗುವಾಗ ಕೇಳಿ ತುಂಬಿಸಿದ ಹಾಳೆಗಳಲ್ಲಿ, ಸಕ್ಕರೆ ಕಾಯಿಲೆಯಿರುವ ಗೆಂಡೆಹಳ್ಳಿಯ ಹೆಂಗಸರು ಮುಕ್ಕಾಲು ಪಾಲು ‘ಚೆನ್ನಾಗಿದ್ದೀವಿ’ ಎಂದಿದ್ದಾರಲ್ಲ, ಅದು ಅವರಿಗೆ ಬಹಳ ಹಿಡಿಸಿದೆ. ಕಾಯಿಲೆಗೂ ನೆಮ್ಮದಿಗೂ ನಂಟಿಲ್ಲವೆಂದು ತೋರಿಸಿದ ಅಪರೂಪದ ಅಧ್ಯಯನವಂತೆ. ಶೀರ್ಷಿಕೆಯನ್ನು ‘ಕಾಯಿಲೆಯಲ್ಲೂ ನಗುವ ಗ್ರಾಮ’ ಎಂದು ಬದಲಿಸಬಹುದೇ ಎಂದು ಕೇಳಿದ್ದಾರೆ. ಅಲ್ಲಿ ನಗುವವರನ್ನು ನಾನಂತೂ ಕಂಡಿಲ್ಲ. ನೀನು ಕಂಡಿದ್ದರೆ ತಿಳಿಸು.

ಅದೇ ಟಪಾಲಿನಲ್ಲಿ ನಿನ್ನ ಕಾಗದ. ಒಂದು ವರ್ಷ ಮೊದಲೇ ಬರಬಾರದಿತ್ತೇ? ಅನುಸೂಯಮ್ಮನವರ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟುತ್ತ, ಅವತ್ತು ಚೆನ್ನಾಗಿದ್ದೀವಿ ಅಂದಿರಲ್ಲ ಎಂದು ನೀನು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆದಿದ್ದೀ: ‘ನೀವು ಅಂದ್ರೆ ಮನೇವ್ರೆಲ್ಲ ಅಂದ್ಕಂಡೆ ಕಣವ್ವ. ಮಕ್ಳು ಚೆನ್ನಾಗವ್ರೆ, ಹಸ ಹಾಲ್ ಕೊಡ್ತೈತೆ. ನನ್ನೊಬ್ಳುನ್ನ ಯಾರ್ ಕೇಳ್ತಾರೆ ಬಿಡು.’ ಆಮೇಲೆ ನೀನು ವಿಚಾರಿಸಿದ ಹತ್ತು ಹೆಂಗಸರಲ್ಲಿ ಎಂಟು ಜನ ಇಡೀ ಮನೆಯ ಪರವಾಗಿಯೇ ಉತ್ತರ ಕೊಟ್ಟವರು.

‘ನೀವು ಹೇಗಿದ್ದೀರಿ?’ ಎಂಬ ಪ್ರಶ್ನೆಯಲ್ಲಿ ಮರ್ಯಾದೆಗೆಂದು ನಾನು ಹಾಕಿದ ‘ನೀವು’ ಅದು. ನೂರ ನಲವತ್ತು ಹಾಳೆಗಳಲ್ಲೂ ಅದೇ. ‘ನೀನು’ ಎಂದು ಅಚ್ಚು ಹಾಕಿಸಿದ್ದರೆ ನಿನ್ನನ್ನು ಜಗಲಿಯಿಂದಲೇ ಓಡಿಸುತ್ತಿದ್ದರು. ಅವರಿಗೆ ಓದಿ ಹೇಳುವಾಗ ನಿನಗಾದರೂ ಹೊಳೆಯಬೇಕಿತ್ತು ಎಂದು ಬರೆಯಲು ಹೊರಟಿದ್ದೆ. ಆದರೆ ಪ್ರಶ್ನೆ ನನ್ನದು, ನನ್ನೂರೂ ಇಲ್ಲೇ ಹತ್ತಿರದ ಗಂಡಸಿ. ಹೇಗಿದ್ದೀಯವ್ವ ಎಂದರೆ ನನ್ನ ಅವ್ವನೂ ಮೊದಲು ಕೊಟ್ಟಿಗೆಯ ಸುದ್ದಿಯನ್ನೇ ಹೇಳುತ್ತಿದ್ದಳು.

ಲೇಖನ ಮಾರ್ಚ್ ಒಳಗೆ ಅಚ್ಚಾದರೆ ಕಾಲೇಜಿನಲ್ಲಿ ಬಡ್ತಿ ನನಗೆ, ಇಲ್ಲದಿದ್ದರೆ ನಮ್ಮ ವಿಭಾಗದ ಇಂದುಧರನಿಗೆ. ಅವನಿಗೇ ಈ ತಪ್ಪನ್ನು ಹೇಳಿದೆ. ‘ಬಿಡ್ರೀ ಭೀಮರಾಜ್, ಅಂಥ ಪತ್ರಿಕೆ ಯಾರ್ರೀ ಓದ್ತಾರೆ’ ಎಂದ. ಬಡ್ತಿ ಕಳೆದುಕೊಳ್ಳುವವನೇ ನನ್ನನ್ನು ಸಮಾಧಾನ ಮಾಡಿದ್ದು ಇನ್ನಷ್ಟು ಸಿಟ್ಟು ತರಿಸಿತು. ಯಾರೋ ಒಬ್ಬ ಅಧಿಕಾರಿ ಓದಿ, ನಗುವ ಊರಿಗೆ ಮಾತ್ರೆ ಯಾಕೆ ಎಂದರೆ ಅಲ್ಲಿ ಬರಿಗೈಯಲ್ಲಿ ನಿಲ್ಲಬೇಕಾದವಳು ನೀನು. ಏನು ಮಾಡಲಿ, ತೋಚುತ್ತಿಲ್ಲ.

ಅನುಸೂಯಮ್ಮನವರಿಗೆ ನನ್ನ ನಮಸ್ಕಾರ. ಅವರೊಬ್ಬರಿಗೇ.

ನಿನ್ನ
ಭೀಮರಾಜ್

ತಾ.ಕ.: ಲೇಖನ ವಾಪಸು ಬೇಕೆಂದು ಬರೆದು ರಿಜಿಸ್ಟರ್ ಟಪಾಲಿಗೆ ಹಾಕಿದೆ. ಇದನ್ನು ಅಂಟಿಸುವ ಮೊದಲು ಅಂಚೆ ಕಚೇರಿಯ ಬೆಂಚಿನ ಮೇಲೆ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ಮೊದಲ ಸಾಲೇ ‘ಇಲ್ಲಿ ನಾವೆಲ್ಲ ಕ್ಷೇಮ’. ಆ ನರ್ಸ್ ಕ್ವಾರ್ಟರ್ಸಿನಲ್ಲಿ ಇರುವವಳು ನೀನೊಬ್ಬಳು. ಭಾನುವಾರ ಬೇಲೂರಿನ ಮೇಲೆ ಗೆಂಡೆಹಳ್ಳಿಗೆ ಬರುತ್ತೇನೆ.