ಒಂಟಿ ರಿಂಗ್, ಜೋಡಿ ರಿಂಗ್

ಮಾರ್ಚ್ 3, ಸೋಮವಾರ

ಒಳಗೆ ಬರುವ ಕರೆಗೂ ಬಾಡಿಗೆ ಕೇಳುವುದು ಕಳ್ಳತನ. ಅದಕ್ಕೆ ಬೇರೆ ಹೆಸರಿಲ್ಲ.

ನಿನ್ನೆ ಅಮ್ಮನ ಫೋನಿನ ರೀಚಾರ್ಜ್ ಮುಗಿಯಿತು. ನಾವು ಯಾರಿಗೂ ಫೋನ್ ಮಾಡುವವರಲ್ಲ. ಬರುವುದು ದಿನಕ್ಕೊಂದು ಕರೆ, ಅದನ್ನೂ ಎತ್ತುವುದಿಲ್ಲ. ಸಂಜೆ ಏಳರ ಸುಮಾರಿಗೆ ಅಕ್ಕನ ರಿಂಗ್. ನಿನ್ನೆ ಅದು ಬರಲಿಲ್ಲ. ಆನೆ ಗುರುತಿನ ಕಂಪನಿ ಇನ್‌ಕಮಿಂಗ್ ಕೂಡ ಕತ್ತರಿಸಿದೆ. ನಾವು ಕೂಗಿದರೆ ದುಡ್ಡು, ಸರಿ, ಒಪ್ಪೋಣ. ನಮ್ಮ ಬಾಗಿಲನ್ನು ಯಾರೋ ತಟ್ಟಿದರೆ ಅದಕ್ಕೂ ಸುಂಕವೇ?

ಅಮ್ಮ ಅಂಗಿಗಳಿಗೆ ಗುಂಡಿ ಹೊಲಿಯುವಾಗ ಫೋನನ್ನು ಮಗುಚಿಟ್ಟ ಸ್ಟೀಲ್ ತಟ್ಟೆಯ ಮೇಲೆ ಇಡುತ್ತಾಳೆ. ಸದ್ದು ಹೆಚ್ಚು ಬರಲಿ ಎಂದು. ನಿನ್ನೆ ಊಟವನ್ನೂ ಬಿಟ್ಟು ಆ ತಟ್ಟೆಯ ಮುಂದೆಯೇ ಕೂತಿದ್ದಳು.

ಅಕ್ಕ ಇರುವುದು ಒಂದು ದಿನದ ಬಸ್ ದಾರಿಯ ಊರಲ್ಲಿ. ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಕೆಲಸ, ವಾಸವೂ ಅಲ್ಲೇ. ಸ್ವಂತ ಫೋನ್ ಇಟ್ಟುಕೊಳ್ಳುವಂತಿಲ್ಲ ಎಂದು ಕೆಲಸ ಕೊಡಿಸಿದ ಏಜೆಂಟ್ ಮೊದಲೇ ಹೇಳಿದ್ದ. ಅದಕ್ಕೇ ಬಸ್ ಹತ್ತುವ ಮುಂಚೆ ಅಮ್ಮ, ಅಕ್ಕ ಮಾತಾಡಿಕೊಂಡರು. ಆ ಮನೆಯ ಹಾಲಿನ ಫೋನಿಂದ ಮಿಸ್ಡ್ ಕಾಲ್. ಎತ್ತಿದರೆ ಬಿಲ್ಲಿನಲ್ಲಿ ನಂಬರ್ ಬೀಳುತ್ತದೆ, ಎತ್ತದಿದ್ದರೆ ಯಾವ ಗುರುತೂ ಇಲ್ಲ. ಒಂದು ರಿಂಗ್ ಆಗಿ ಕಟ್: ಚೆನ್ನಾಗಿದ್ದೇನೆ. ಎರಡು ಆಗಿ ಕಟ್: ಬಂದು ಕರೆದುಕೊಂಡು ಹೋಗಿ. ಅಮ್ಮ ಅದಕ್ಕೆ ಒಂಟಿ, ಜೋಡಿ ಎನ್ನುತ್ತಾಳೆ. ಇಲ್ಲಿಯವರೆಗೆ ಬಂದಿರುವುದೆಲ್ಲ ಒಂಟಿ.

ಇವತ್ತು ಆನೆಯ ಹೊಟ್ಟೆಗೆ ಇನ್ನೊಂದು ರೀಚಾರ್ಜ್ ಹಾಕಿದೆ. ಇದೇ ಕೊನೆ.

ಮಾರ್ಚ್ 5, ಬುಧವಾರ

ಲಾಂಡ್ರಿಯಲ್ಲಿ ಊಟದ ಹೊತ್ತಿಗೆ ಮಾತಾಡಿದೆ. ಒದ್ದೆ ಬೆಡ್‌ಶೀಟುಗಳ ಗಾಡಿಗೆ ಒರಗಿ ನಿಂತುಕೊಂಡು. ತಿಂಗಳಿಗೆ ಇಪ್ಪತ್ತೆಂಟೇ ದಿನ ಎಂದು ಈ ಕಂಪನಿಗಳಿಗೆ ಹೇಳಿದವರು ಯಾರು? ವರ್ಷಕ್ಕೆ ಹದಿಮೂರು ತಿಂಗಳು ಮಾಡಿದವರು ಯಾರು? ಪಕ್ಕದ ಮುದ್ರಣ ಪ್ರೆಸ್‌ನವರು ಕೊಟ್ಟ ಕರಪತ್ರದ ಸಾಲು ಬಾಯಿಗೆ ಬಂತು: ಬಳಕೆದಾರನ ಕೈಯಲ್ಲಿರುವ ಅಸ್ತ್ರ ಒಂದೇ, ಬಿಟ್ಟು ನಡೆಯುವುದು.

ನನ್ನನ್ನು ಭಾಷಣ ಎಂದೇ ಕರೆಯುವ ಇಸ್ತ್ರಿ ಅಣ್ಣ ಬಾಯಲ್ಲಿ ತುತ್ತು ಇಟ್ಟುಕೊಂಡೇ ಕೇಳಿದ, "ನಡೆದು ಎಲ್ಲಿಗೆ ಹೋಗೋದಮ್ಮಾ ಭಾಷಣ? ಇನ್ನೊಂದು ಕಂಪನಿಗೇ ತಾನೇ?"

"ಸಣ್ಣ ಕಂಪನಿಗೆ ಅಣ್ಣಾ. ಎಲ್ಲರೂ ಒಟ್ಟಿಗೆ. ಆಗ ಆನೆಗೆ ಗೊತ್ತಾಗುತ್ತೆ."

"ಆನೆಗೆ ಇರುವೆ ಕಚ್ಚಿದ್ದೂ ಗೊತ್ತಾಗಲ್ಲ, ಬಿಟ್ಟು ಹೋಗಿದ್ದೂ ಗೊತ್ತಾಗಲ್ಲ."

ಎಲ್ಲ ನಕ್ಕರು. ನಗಲಿ. ಆಮೇಲೆ ಪ್ಲಾನ್ ಕೇಳಿದವರೂ ಅವರೇ.

ಎರಡು ಕಂಪನಿ ನೋಡಿದೆ. ಚಂದ್ರ ಗುರುತಿನದು ಅಗ್ಗ, ಆದರೆ ನಮ್ಮ ಗಲ್ಲಿಯಲ್ಲಿ ಮಾಳಿಗೆ ಹತ್ತಿದರೆ ಮಾತ್ರ ಸಿಗ್ನಲ್. ಗುಬ್ಬಿ ಗುರುತಿನದು ಹೊಸದು. ಒಮ್ಮೆ ಹಾಕಿಸಿದರೆ ವರ್ಷವಿಡೀ ಇನ್‌ಕಮಿಂಗ್ ನಿಲ್ಲಿಸುವುದಿಲ್ಲ. ಚೀಟಿಯ ಕೆಳಗಿನ ಇರುವೆಯಂಥ ಅಕ್ಷರವನ್ನೂ ಓದಿದೆ. ಹೌದು, ನಿಲ್ಲಿಸುವುದಿಲ್ಲ.

ಗುಬ್ಬಿ.

ಮಾರ್ಚ್ 8, ಶನಿವಾರ

ಅಮ್ಮನನ್ನು ಕರೆದುಕೊಂಡು ಬಸ್ ನಿಲ್ದಾಣದ ಎದುರು ಕೊಡೆ ಬಿಚ್ಚಿ ಸಿಮ್ ಮಾರುವವನ ಹತ್ತಿರ ಹೋದೆ. ನಂಬರ್ ಅದೇ ಇರುತ್ತದೆ, ಕಂಪನಿ ಮಾತ್ರ ಬದಲು. ಪೋರ್ಟ್ ಕೋಡ್ ಬಂತು. ಅದರ ಬೆನ್ನಿಗೇ ಆನೆ ಕಂಪನಿಯ ಹುಡುಗಿಯ ಫೋನ್. ಬಿಟ್ಟು ಹೋಗಬೇಡಿ, ಆಫರ್ ಕೊಡುತ್ತೇವೆ ಅಂತ. ಬಾಯಲ್ಲಿ ಜೇನು.

ಅಮ್ಮ ಕರಗಿದಳು. "ಪಾಪ, ಅಷ್ಟು ಕೇಳ್ಕೊತಿದಾಳೆ. ಇದೇ ಇರ್ಲಿ ಬಿಡೇ. ಅವಳ ರಿಂಗ್ ಸರಿಯಾಗಿ ಬರ್ತಿತ್ತಲ್ಲ."

"ರೀಚಾರ್ಜ್ ಮುಗಿದ ದಿನ ಬಂತಾ?"

"ಅದೊಂದಿನ ಬರ್ಲಿಲ್ಲ. ಅಷ್ಟೇ ತಾನೇ?"

"ಅಮ್ಮಾ, ಒಂದಿನ ಅಲ್ಲ ಇದು. ನ್ಯಾಯದ ಪ್ರಶ್ನೆ."

"ನಿನ್ ನ್ಯಾಯ ನಂಗೆ ಗೊತ್ತಾಗಲ್ಲ ಕಣೇ. ರಿಂಗ್ ಬಂದ್ರೆ ಸಾಕು."

ಕೊಡೆಯವನು ನಡುವೆ ಬಾಯಿ ಹಾಕಿದ. "ಮಿಸ್ಡ್ ಕಾಲ್ ಅಲರ್ಟ್ ಬೇಕಾ ಮೇಡಂ? ಫೋನ್ ಸಿಗದಾಗ ಯಾರು ಮಾಡಿದ್ರು ಅಂತ ಮೆಸೇಜ್ ಬರುತ್ತೆ. ಬೇರೆ ಪ್ಯಾಕ್."

ಆಡದ ಮಾತಿಗೂ ಪ್ಯಾಕ್! ಬೇಡ ಎಂದೆ. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಬೇಡ ಎಂದೆ.

ಮಾರ್ಚ್ 13, ಗುರುವಾರ

ಸಿಮ್ ಬದಲಾಯಿತು. ನನ್ನದೂ ಆಯಿತು, ಲಾಂಡ್ರಿಯವರದೂ ಒಬ್ಬೊಬ್ಬರದೇ ಆಗುತ್ತಿದೆ. ಇಸ್ತ್ರಿ ಅಣ್ಣನೂ ಬಂದ. "ನಿನ್ ಕಾಟಕ್ಕೆ ಕಣಮ್ಮಾ" ಎನ್ನುತ್ತಾನೆ. ಇರಲಿ, ಬಂದನಲ್ಲ.

ಇವತ್ತು ರಿಂಗ್ ಇಲ್ಲ. ಬದಲಾದ ದಿನ ಹೀಗೇ ಎಂದು ಕೊಡೆಯವನು ಹೇಳಿದ್ದ.

ಮಾರ್ಚ್ 16, ಭಾನುವಾರ

ನಿನ್ನೆ ಇಲ್ಲ. ಮೊನ್ನೆಯೂ ಇಲ್ಲ.

ಇಸ್ತ್ರಿ ಅಣ್ಣನ ಕೈಲಿ ಮಾಡಿಸಿ ನೋಡಿದೆ. ಬಂತು, ನಿಲ್ಲದೆ ಹೊಡೆದುಕೊಂಡಿತು, ಎತ್ತಿ ಮಾತಾಡಿದೆ. ಫೋನ್ ಸರಿಯಾಗೇ ಇದೆ. ಹಾಗಾದರೆ ಅಕ್ಕನೇ ಕೊಡುತ್ತಿಲ್ಲ. ಮನೆಯೊಡತಿ ಹಾಲಿನಲ್ಲೇ ಕೂತಿರಬಹುದು. ನೆಂಟರು ಬಂದಿರಬಹುದು...

ಅಮ್ಮ ತಡೆಯಲಾರದೆ ಆ ಮನೆಗೇ ಫೋನ್ ಹಚ್ಚಿಸಿದಳು. ಮನೆಯೊಡತಿ ಎತ್ತಿದಳು. "ಚೆನ್ನಾಗೇ ಇದಾಳೆ. ಕೆಲಸದ ಹೊತ್ತಲ್ಲಿ ಫೋನ್ ಮಾಡ್ಬೇಡಿ." ಕಟ್.

ಗುಂಡಿ ಹೊಲಿಯುತ್ತ ಅಮ್ಮ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾರ್ಚ್ 19, ಬುಧವಾರ

ಬಂತು!

ಏಳು ಗಂಟೆಗೆ, ತಟ್ಟೆಯ ಮೇಲೆ, ಗಣ್ ಎಂದು ಒಂದೇ ರಿಂಗ್. ಕಟ್. ಅಮ್ಮನ ಮಡಿಲಿನ ಗುಂಡಿಗಳೆಲ್ಲ ನೆಲದ ಪಾಲು. "ಒಂಟಿ ಬಂತು ಕಣೇ! ಚೆನ್ನಾಗಿದಾಳೆ! ಒಂಟಿ!" ಇಬ್ಬರೂ ಮಂಚದ ಕೆಳಗೆ ತೆವಳಿ ಗುಂಡಿ ಹೆಕ್ಕಿದೆವು. ನಗುತ್ತಾ.

"ನೋಡಿದ್ಯಾ ನನ್ ಗುಬ್ಬೀನ?" ಎಂದೆ.

"ನಿನ್ ಗುಬ್ಬಿ ನೂರು ವರ್ಷ ಬಾಳ್ಲಿ ಬಿಡೇ" ಎಂದಳು.

ಮಾರ್ಚ್ 24, ಸೋಮವಾರ

ದಿನವೂ ಬರುತ್ತಿದೆ. ಈಗೀಗ ಸಂಜೆಗೆ ಎರಡು ಮೂರು ಸಲ. ಒಂಟಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂಟಿ.

"ಇದೇನಮ್ಮಾ ಇವಳದು?" ಎಂದರೆ ಅಮ್ಮ, "ಖುಷಿಯಾಗಿರ್ಬೇಕು. ಚಿಕ್ಕೋಳಿದ್ದಾಗಲೂ ಹಾಗೇ, ಖುಷಿಯಾದ್ರೆ ಹೇಳಿದ್ದೇ ಹೇಳೋಳು."

ಗುಬ್ಬಿ ಕುರಿತು ನಾನೇ ಒಂದು ಕರಪತ್ರ ಬರೆಯುತ್ತಿದ್ದೇನೆ. ಪ್ರೆಸ್‌ನವರು ಹಾಳೆಯ ಅಂಚು ಮಿಕ್ಕಿದ್ದರಲ್ಲಿ ಹಾಕಿಕೊಡುತ್ತಾರಂತೆ. ಶೀರ್ಷಿಕೆ: ಬಿಟ್ಟು ನಡೆದವರು.

ಏಪ್ರಿಲ್ 2, ಬುಧವಾರ. ಮಧ್ಯಾಹ್ನ

ಬರೆದೇ ತೀರಬೇಕು.

ಕಳೆದ ಗುರುವಾರದಿಂದ ರಿಂಗ್ ಇಲ್ಲ. ಮೊದಲ ಸಲದ ಹಾಗೇ ಎಂದುಕೊಂಡೆವು. ಒಂದಷ್ಟು ದಿನ ಇರುವುದಿಲ್ಲ, ಆಮೇಲೆ ಬರುತ್ತದೆ ಎಂದು.

ಇವತ್ತು ಇಸ್ತ್ರಿ ಅಣ್ಣ ಬೆಡ್‌ಶೀಟ್ ಮಡಚುತ್ತಾ ಗೊಣಗಿದ. "ಏನ್ ಕಂಪನಿ ಕೊಡಿಸ್ದೆ ಭಾಷಣ! ಹೆಂಡ್ತಿ ಫೋನಿಗೂ ಅದನ್ನೇ ಹಾಕಿಸ್ದೆ, ಒಂದ್ ರಿಂಗ್ ಕೊಟ್ರೆ ತಲುಪೋದೇ ಇಲ್ಲ. ಎರಡು ಕೊಟ್ರೆ ಒಂದು. ನಿನ್ ಗುಬ್ಬಿ ಮೊದಲನೇ ಕಾಳು ತಾನೇ ನುಂಗಿಬಿಡ್ತದೆ."

ಅಲ್ಲಿದ್ದವರು ನಕ್ಕರು. ನಾನು ಗಾಡಿ ಬಿಟ್ಟು ಆಫೀಸಿಗೆ ಓಡಿದೆ.

ಆಫೀಸಿನವರನ್ನು ಬೇಡಿ ಮೇಜಿನ ಮೇಲಿನ ಫೋನಿಂದ ಗುಬ್ಬಿಗೆ ಬದಲಾದ ನನ್ನ ಮೊಬೈಲಿಗೆ ಮಾಡಿಸಿದೆ. ಮೇಜಿನದು ಆನೆ ಕಂಪನಿಯದು. ಇಸ್ತ್ರಿ ಅಣ್ಣ ಕಿವಿಗೆ ಹಿಡಿದು ಎಣಿಸಿದ. ಅವನ ಕಿವಿಯಲ್ಲಿ ಒಂದು. ಕಟ್. ನನ್ನ ಅಂಗೈಯಲ್ಲಿ ಏನೂ ಇಲ್ಲ. ಅವನ ಕಿವಿಯಲ್ಲಿ ಎರಡು. ಕಟ್. ನನ್ನ ಅಂಗೈಯಲ್ಲಿ ಒಂದು.

ಮತ್ತೆ ಮಾಡಿಸಿದೆ. ಮತ್ತೆ. ಅಣ್ಣ ನಗುವುದನ್ನು ನಿಲ್ಲಿಸಿದ್ದ. "ಏನಾಯ್ತು ತಾಯೀ?" ಎಂದ.

ರಿಂಗ್ ಬಾರದ ಆ ಸಂಜೆಗಳೇ ಒಂಟಿ. ಆಗ ಅಕ್ಕ ಚೆನ್ನಾಗಿದ್ದಳು. ನಾವು ಗುಂಡಿ ಹೆಕ್ಕುತ್ತಾ ನಕ್ಕ ದಿನ... ಅಂದಿನಿಂದ ಅವಳು ಬನ್ನಿ, ಬನ್ನಿ ಎನ್ನುತ್ತಿದ್ದಾಳೆ.

ಅದೇ ದಿನ, ಸಂಜೆ

ಕೊಡೆಯವನನ್ನು ಕೇಳಿದೆ. "ಕಾಲ್ ಬರುತ್ತೆ ಅಂದಿದ್ದೆ ಮೇಡಂ. ಮೊದಲನೇ ರಿಂಗಿಂದಲೇ ಬರುತ್ತೆ ಅಂದಿದ್ನಾ?" ಹೊಸ ಕಂಪನಿ, ಟವರ್ ಕಡಿಮೆ, ಫೋನನ್ನು ಹುಡುಕುವಷ್ಟರಲ್ಲಿ ಒಂದು ರಿಂಗ್ ಹೋಗುತ್ತದಂತೆ. ವಾಪಸ್ ಆನೆಗೆ ಹೋಗುತ್ತೇನೆ ಎಂದೆ. ತೊಂಬತ್ತು ದಿನ ಬದಲಾಯಿಸುವಂತಿಲ್ಲವಂತೆ.

ಅಮ್ಮನಿಗೆ ಹೇಳಿದೆ. ಅವಳು ತಟ್ಟೆಯನ್ನೇ ನೋಡಿದಳು. "ಅಂದ್ರೆ ಅವತ್ತು ಬಂದಿದ್ದು..." ಎಂದಳು.

ಆ ಮನೆಗೆ ಫೋನ್ ಮಾಡಿದೆ. ಮನೆಯೊಡತಿ: "ನಿಮ್ಮಕ್ಕ ಓಡಿ ಹೋಗಿ ನಾಲ್ಕೈದು ದಿನ ಆಯ್ತು. ನಾವೇ ನಿಮ್ಮನ್ನ ಕೇಳ್ಬೇಕು, ಎಲ್ಲಿ ಬಚ್ಚಿಟ್ಟಿದೀರಿ ಅಂತ."

ಏಪ್ರಿಲ್ 5, ಶನಿವಾರ

ಹೋಗಿ ಬಂದೆ. ಇಸ್ತ್ರಿ ಅಣ್ಣನೂ ರಜೆ ಹಾಕಿ ಜೊತೆಗೆ ಬಂದ. ದೊಡ್ಡ ಗೇಟು. ಒಳಗೆ ಬಿಡಲಿಲ್ಲ. ಹಿಂದಿನ ಗಲ್ಲಿಗೆ ಹೋಗಿ ನೋಡಿದೆ. ಮೇಲಿನ ಕೋಣೆಯ ಕಿಟಕಿಯಿಂದ ಇಳಿದ ನೀರಿನ ಪೈಪು ಅರ್ಧಕ್ಕೇ ಮುರಿದು ಜೋತಾಡುತ್ತಿತ್ತು. ಎದುರು ಮನೆಯ ಡ್ರೈವರ್ ದನಿ ತಗ್ಗಿಸಿ ಹೇಳಿದ, "ಆ ಅಜ್ಜಿ ತೀರಿಕೊಂಡ ದಿನದಿಂದ ನಿಮ್ಮುಡುಗಿ ಹೊರಗೆ ಕಾಣ್ಲೇ ಇಲ್ಲ. ಹೋದ್ವಾರ ಬೆಳಗಿನ ಜಾವ ಇಲ್ಲಿ ಬಿದ್ದಿದ್ಲು. ಯಾರೋ ಆಟೋಗೆ ಹಾಕ್ಕೊಂಡು ಹೋದ್ರು."

ಎಲ್ಲಿಗೆ? ಅವನಿಗೆ ಗೊತ್ತಿಲ್ಲ. ಎರಡು ಆಸ್ಪತ್ರೆ ನೋಡಿದೆವು. ಠಾಣೆಯಲ್ಲಿ ದೂರು ಬರೆದುಕೊಟ್ಟೆ. ಮೂರು ಪುಟ. ಅವರು ಓದಲಿಲ್ಲ.

ಮನೆಗೆ ಬಂದರೆ ಬಾಗಿಲ ಬಳಿ ಕಟ್ಟು. ನನ್ನ ಕರಪತ್ರ. ಶಾಯಿಯ ವಾಸನೆ ಇನ್ನೂ ಹೋಗಿಲ್ಲ. ಬಿಟ್ಟು ನಡೆದವರು. ಪೂರ್ತಿ ಕಟ್ಟನ್ನು ಒಲೆಗೆ ಹಾಕಲು ಹೋದೆ. ಅಮ್ಮ ಕಸಿದುಕೊಂಡು ಅಂಗಿಗಳ ಅಡಿಗೆ ಹಾಸಿದಳು. "ಅಂಗಿಗೆ ಧೂಳಾಗ್ದಂಗೆ ಇರುತ್ತೆ" ಎಂದಳು. ಮೊನ್ನೆಯಿಂದ ಅವಳು ಆಡಿದ ಮೊದಲ ಮಾತು ಅದು.

ಬೈಯುತ್ತಿಲ್ಲ. ಅವಳು ಬೈದರೆ ನಾನು ಬದುಕಿಕೊಳ್ಳುತ್ತೇನೆ.

ಏಪ್ರಿಲ್ 6, ಭಾನುವಾರ. ಸಂಜೆ

ತಟ್ಟೆಯ ಮೇಲೆ ಒಂದು ರಿಂಗ್. ಕಟ್.

ಅಮ್ಮ ಸೂಜಿ ಕೆಳಗಿಟ್ಟು ಎದ್ದು ನಿಂತಳು. "ಜೋಡಿ" ಎಂದಳು.

ಗೊತ್ತಿಲ್ಲದ ನಂಬರ್. ತಿರುಗಿ ಮಾಡಿದೆ. ಒಬ್ಬ ಹೆಂಗಸು ಎತ್ತಿದಳು. ಅದೇ ಊರಿನ ಇನ್ನೊಂದು ಆಸ್ಪತ್ರೆ, ದಾನದ ಮೇಲೆ ನಡೆಯುವುದು, ನಾವು ಆ ಕಡೆ ಹೋಗಿರಲಿಲ್ಲ. ಇವಳು ಪಕ್ಕದ ಹಾಸಿಗೆಯವಳಂತೆ. "ಇವತ್ತೇ ಸರಿಯಾಗಿ ಕಣ್ ಬಿಟ್ಲು. ನಂಬರ್ ಹೇಳಿದ್ಲು, ಎರಡೇ ರಿಂಗ್ ಕೊಟ್ಟು ಕಟ್ ಮಾಡು ಅಂದ್ಲು. ಯಾಕೆ ಅಂದ್ರೆ ಹೇಳ್ಲಿಲ್ಲ. ಕಾಲು ಮಂಡಿ ಹತ್ರ ಕೊಳೀತಿದೆ. ಮಂಗಳವಾರ ಬೆಳಗ್ಗೆ ದೊಡ್ಡ ಡಾಕ್ಟ್ರು ಬರ್ತಾರೆ, ತೆಗೀಬೇಕಾ ಉಳಿಸ್ಬಹುದಾ ಅಂತ ನೋಡ್ತಾರೆ. ಮನೆಯವ್ರು ಇರ್ಲೇಬೇಕಂತೆ."

ಆಮೇಲೆ ಅಕ್ಕನ ದನಿ. ಒಣಗಿದ ದನಿ.

"ಜೋಡಿ ಕೊಟ್ಟೆ ಕಣೇ. ದಿನಾ ಕೊಟ್ಟೆ."

"ನಮಗೆ ಒಂಟಿ ಬಂತು ಅಕ್ಕಾ."

"ಒಂಟಿ ಹೆಂಗೆ ಬರುತ್ತೆ? ಕಿವಿಗೆ ಇಟ್ಕೊಂಡು ಎರಡು ಎಣಿಸ್ತಿದ್ನಲ್ಲ. ಅವ್ರು ಅಡುಗೆಮನೆಲಿರೋರು. ಮೂರನೇದಕ್ಕೆ ಕಾಯೋಕೆ ಧೈರ್ಯ ಇರ್ಲಿಲ್ಲ. ನಮ್ಮಮ್ಮಂಗೆ ಎರಡು ಸಾಕು ಅಂದ್ಕೊಂಡೆ." ಉಸಿರು ಎಳೆದುಕೊಂಡಳು. "ಅಜ್ಜಿ ಹೋದ್ಮೇಲೂ ಊರಿಗೆ ಕಳಿಸ್ಲಿಲ್ಲ. ಆಮೇಲೆ ಹಾಲಿಗೂ ಬಿಡ್ಲಿಲ್ಲ, ಮೇಲೆ ಕೂಡಿ ಹಾಕಿದ್ರು. ನೀವು ಬರಲ್ಲ ಅಂತ ಆದ್ಮೇಲೆ ನಾನೇ ಇಳಿದೆ."

"ಕಂಪನಿ ಬದಲಾಯಿಸಿದ್ವಿ ಅಕ್ಕಾ. ಅದು ಮೊದಲನೇ ರಿಂಗ್..."

"ಯಾರು ಬದಲಾಯಿಸಿದ್ದು?"

"ನಾನು."

ಆ ಕಡೆ ವಾರ್ಡಿನ ಸದ್ದು. ಯಾರೋ ಕೆಮ್ಮಿದರು. ಪಾತ್ರೆ ಬಿತ್ತು.

"ಅಮ್ಮ ಬರ್ಲಿ" ಎಂದಳು. "ನೀನು..."

ಕಟ್ ಆಯಿತು. ಅವಳು ಕಟ್ ಮಾಡಿದಳೋ, ಗುಬ್ಬಿ ನುಂಗಿತೋ. ಮತ್ತೆ ಮಾಡಿದರೆ ಸ್ವಿಚ್ ಆಫ್.

ಪಕ್ಕದಲ್ಲಿ ನಿಂತಿದ್ದ ಅಮ್ಮ ಕೇಳಿದಳು, "ಕೊನೇಲಿ 'ನೀನು' ಅಂದಿದ್ದು ಕೇಳಿಸ್ತು, ಆಮೇಲೆ ಏನಂದ್ಲು?"

"ನೀನೂ ಬಾ ಅಂದ್ಲು" ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಚೀಲಕ್ಕೆ ಎರಡು ಸೀರೆ ತುಂಬಿದಳು, ಅಕ್ಕನ ಬಾಚಣಿಗೆ, ಮತ್ತೆ ಆ ತಟ್ಟೆ. ನಾಳೆ ಬೆಳಗಿನ ಬಸ್ಸಿಗೆ ಇಬ್ಬರೂ ಹೊರಡುತ್ತೇವೆ. ಅಕ್ಕ ಒಳಗೆ ಬರಬೇಡ ಎಂದರೆ ಹೊರಗೆ ನಿಲ್ಲುತ್ತೇನೆ.

ಏಪ್ರಿಲ್ 8, ಮಂಗಳವಾರ. ಬೆಳಗ್ಗೆ ಎಂಟು ಗಂಟೆ. ಎರಡನೇ ಮಹಡಿ, ಹೆಂಗಸರ ವಾರ್ಡಿನ ಬಾಗಿಲಲ್ಲಿ

ಅಮ್ಮ ಒಳಗೆ ಹೋಗಿದ್ದಾಳೆ; ಅಕ್ಕ ನನ್ನನ್ನೂ ಕರೆಯುತ್ತಾಳೋ ಎಂದು ನಾನು ಹೊರಗೆ ನಿಂತಿದ್ದೇನೆ.